ಕೈಗೆ ತೊಟ್ಟಿಲು ಕಟ್ಟಿದ ಮೈದುನ

ಮಗುವಿಗೆ ತೊಟ್ಟಿಲು ಕಟ್ಟಿದವರನ್ನು ನೀವು ನೋಡಿರುತ್ತೀರಿ. ದೇವರಿಗೆ ತೊಟ್ಟಿಲು ಕಟ್ಟಿ ತೂಗಿದವರನ್ನೂ ನೋಡಿರುತ್ತೀರಿ. ತನ್ನ ಬಲಗೈಗೆ ತೊಟ್ಟಿಲು ಕಟ್ಟಿ, ಅದರೊಳಗೆ ಕೈಯನ್ನು ಮಲಗಿಸಿಕೊಂಡು ಕೂತವನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದು ಮಾತ್ರವಲ್ಲ, ಅವನಿಗೆ ಮೂರು ಹೊತ್ತು ಬೇಯಿಸಿ ಹಾಕಿದ್ದೇನೆ. ಅದೂ ಎಂಥ ತೊಟ್ಟಿಲು? ಹೆರಿಗೆಗೆ ಬಂದಿದ್ದ ನನ್ನ ಮಗಳ ಕೂಸು ಮಲಗಬೇಕಾದ ತೊಟ್ಟಿಲು! ಕೂಸು ಚಾಪೆಯ ಮೇಲೆ, ಚಿಕ್ಕತಾತನ ಕೈ ತೊಟ್ಟಿಲಲ್ಲಿ! ನ್ಯಾಯವೇ ಇದು?

ಇವನು ನಮ್ಮ ಮನೆಯವರ ತಮ್ಮ, ನನಗೆ ಮೈದುನ. ಹೆಸರು ಬೇಡ. ಇನ್ನೂ ಇದ್ದಾನೆ, ಯಾರಾದರೂ ಓದಿ ಹೇಳಿದರೆ ಜಗಳಕ್ಕೆ ಬರುತ್ತಾನೆ. ಬಂದರೆ ಬರಲಿ, ನನಗೇನು ಭಯವಾ?

ಇದೆಲ್ಲ ಆದದ್ದು ಎಂಬತ್ತರ ದಶಕದಲ್ಲಿ. ನಮ್ಮ ಮನೆ ಕೋಯಮತ್ತೂರಿನ ಪಕ್ಕ, ಸೂಲೂರಿನ ಹತ್ತಿರ. ಬೀದಿ ಪೂರಾ ಕನ್ನಡದ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಬೈಯುವಾಗ ಎರಡೂ. ನಮ್ಮ ಮನೆಯವರು ಮಗ್ಗ ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುತ್ತಿದ್ದರು. ನಾನು ಬೀದಿಯ ಮಗ್ಗಗಳಿಗೆಲ್ಲ ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದೆ. ಮೈದುನ ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದ. ಅವನ ಕೆಲಸ ಸೀರೆಯ ಅಂಚಿಗೆ ಡಿಸೈನ್ ಬರೆಯುವುದು.

ಡಿಸೈನ್ ಅಂದರೆ ಕಮಲದ ಹೂವು ಗೀಚುವುದು ಅಂದುಕೊಳ್ಳಬೇಡಿ. ಒಂದು ದೊಡ್ಡ ಕಾಗದ, ಅದರ ತುಂಬ ಸಾಸಿವೆ ಕಾಳಿನಷ್ಟು ಚೌಕಗಳು. ಒಂದು ಚೌಕ ಅಂದರೆ ಸೀರೆಯಲ್ಲಿ ಒಂದು ಎಳೆ. ಯಾವ ಎಳೆ ಮೇಲೇಳಬೇಕೋ ಆ ಚೌಕಕ್ಕೆ ಕೆಂಪು ಬಣ್ಣ ತುಂಬಬೇಕು. ಅದನ್ನು ನೋಡಿಕೊಂಡು ರಟ್ಟಿನ ಅಟ್ಟೆಗಳಿಗೆ ತೂತು ಹೊಡೆಯುತ್ತಾರೆ, ಅಟ್ಟೆಗಳನ್ನು ಮಗ್ಗದ ನೆತ್ತಿಗೆ ಕಟ್ಟುತ್ತಾರೆ, ಮಗ್ಗ ಅವು ಹೇಳಿದ ಹಾಗೆ ಕೇಳುತ್ತದೆ. ಒಂದು ಗಿಳಿಗೆ ಎಷ್ಟು ಚೌಕ ಅಂತ ಕೇಳಬೇಡಿ. ನಿಜವಾದ ಗಿಳಿ ಮಾಡುವಾಗ ದೇವರೂ ಅಷ್ಟು ಒದ್ದಾಡಿರಲಿಕ್ಕಿಲ್ಲ.

ಹೀಗೆ ಇಪ್ಪತ್ತು ವರ್ಷ ನೆಲದ ಮೇಲೆ ಬಗ್ಗಿ ಕೂತು ತುಂಬಿ ತುಂಬಿ ಇವನ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಕೋಯಮತ್ತೂರಿನ ಡಾಕ್ಟರ ಹತ್ತಿರ ಹೋದ. ಆ ಪುಣ್ಯಾತ್ಮ ಏನೋ ನಾಲ್ಕು ಮಾತು ಹೇಳಿದರು. ಹಲಗೆ ಮೊಣಕೈ ಎತ್ತರಕ್ಕಿರಲಿ, ಮಣಿಕಟ್ಟು ಮಡಿಸಬೇಡ, ತೋಳಿಗೆ ಆಸರೆ ಕೊಡು, ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ದೂರ ನೋಡು. ಇಲ್ಲದಿದ್ದರೆ ಒಂದು ದಿನ ಕೈ ನಿಂತುಹೋಗುತ್ತದೆ. ಇಷ್ಟೇ. ಹೋಗುವಾಗ ಮನುಷ್ಯನಾಗಿ ಹೋದವನು ಬರುವಾಗ ಉಪದೇಶ ಪಡೆದ ಸ್ವಾಮಿಯಾಗಿ ಬಸ್ಸಿಳಿದ!

ಮೊದಲು ಹೋದದ್ದು ನನ್ನ ಈರುಳ್ಳಿ. ಮಗ್ಗ ಎತ್ತಿಟ್ಟ ಮೇಲೆ ಮುಂದಿನ ಕೋಣೆಯಲ್ಲಿ ನೇಯುವವರು ಕಾಲು ಇಳಿಬಿಡುವ ಗುಣಿ ಹಾಗೇ ಉಳಿದಿತ್ತು. ತಂಪು ಜಾಗ, ಚಿಕ್ಕ ಈರುಳ್ಳಿ ಹಾಕಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಈರುಳ್ಳಿಯೆಲ್ಲ ಹೊರಗಿನ ಜಗಲಿ ತಿಣ್ಣೆಯ ಮೇಲೆ, ಇವನು ಗುಣಿಯಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದಾನೆ.

"ಈರುಳ್ಳಿ ಎಲ್ಲಿ ಬೇಕಾದರೂ ಕೂರುತ್ತೆ ಅತ್ತಿಗೆ. ನನ್ನ ಕಾಲು ಕೂರಬೇಕಲ್ಲ?"

"ಈರುಳ್ಳಿಯನ್ನು ಸಾಂಬಾರಿಗೆ ಹಾಕಬಹುದು. ನಿನ್ನ ಕಾಲನ್ನು?"

ಅವನು ಆಗಲೇ ಮೊಣಕೈಯಿಂದ ನೆಲದವರೆಗೆ ನೂಲು ಹಿಡಿದು ಅಳೆಯುತ್ತಿದ್ದ. ಅಳೆದದ್ದನ್ನೆಲ್ಲ ಇದ್ದಿಲಲ್ಲಿ ಕಂಬದ ಮೇಲೆ ಗೀಟು ಹಾಕಿದ. ಪೊಂಗಲ್‌ಗೆ ಸುಣ್ಣ ಹೊಡೆದ ಕಂಬ! ಆಮೇಲೆ ಸಾಮಾನು ಒಂದೊಂದೇ ಗುಣಿಯ ದಾರಿ ಹಿಡಿಯಿತು. ಕೂರುವುದಕ್ಕೆ ನನ್ನ ಊಟದ ಮಣೆ, ಅದರ ಮೇಲೆ ನನ್ನ ತಲೆದಿಂಬು, ಬೆನ್ನಿಗೆ ಹತ್ತಿಯ ಮೂಟೆ. ಬರೆಯುವ ಹಲಗೆ ಇಳಿಜಾರಾಗಿರಬೇಕಂತೆ, ಅದರ ಕೆಳಗೆ ನಾನು ಅಕ್ಕಿ ಅಳೆಯುವ ಪಡಿ. ಅಂದರೆ ಏನಾಯಿತು? ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆಯಬೇಕಾದರೆ ಇವನು ಮೊದಲು ಗಿಳಿಯ ಬಾಲ ಮುಗಿಸಬೇಕು!

ಬ್ರಷ್ ಸಣ್ಣದಿದ್ದರೆ ಬೆರಳು ಗಟ್ಟಿಯಾಗಿ ಹಿಡಿಯುತ್ತದೆ, ನೋವು ಬರುತ್ತದೆ ಅಂತ ಅದಕ್ಕೆ ಬಟ್ಟೆ ಸುತ್ತಿ ಸುತ್ತಿ ಬಾಳೆಹಣ್ಣಿನಷ್ಟು ದಪ್ಪ ಮಾಡಿದ. ಯಾರ ಬಟ್ಟೆ ಅಂತ ಕೇಳುತ್ತೀರಾ? ನನ್ನ ರವಿಕೆ. ಹರಿದದ್ದೇ, ಇರಲಿ. ಹರಿದದ್ದಾದರೂ ನನ್ನದಲ್ಲವಾ?

ದೂರ ನೋಡುವ ವಿಷಯದಲ್ಲಿ ಬೀದಿಯೇ ಸೇರಿತು. ಇವನು ಕೂತಲ್ಲಿಂದ ಬಾಗಿಲಾಚೆ ದೂರ ನೋಡಿದರೆ ಕಾಣುವುದು ಎದುರುಮನೆಯ ಮಾಳಿಗೆ. ಮಾಳಿಗೆಯ ಮೇಲೆ ಎದುರುಮನೆ ಹುಡುಗಿ ಬಟ್ಟೆ ಒಣಹಾಕುತ್ತಾಳೆ. ಇವನು ರೆಪ್ಪೆ ಮಿಟುಕಿಸದೆ ನೋಡುತ್ತಾನೆ! ಮೂರನೇ ದಿನ ಅವಳ ತಾಯಿ ಸೆರಗು ಸಿಕ್ಕಿಸಿಕೊಂಡು ಬಂದಳು. ತಮಿಳಿನವಳು, ಗಂಟಲು ಪಾಳಿಗೆ ಕೂಗುವ ಮಿಲ್ಲಿನ ಸಂಗಿನ ಹಾಗೆ.

"ಎನ್ನಂಗ ಅಕ್ಕಾ, ನಿಮ್ಮ ಮೈದುನನಿಗೆ ವಯಸ್ಸೆಷ್ಟು? ನನ್ನ ಮಗಳಿಗೆ ವಯಸ್ಸೆಷ್ಟು?"

ಇವನು ಗುಣಿಯೊಳಗಿಂದಲೇ ಹೇಳಿದ, "ನಾನು ನಿಮ್ಮ ಮಗಳನ್ನು ನೋಡಲಿಲ್ಲಮ್ಮಾ, ದೂರವನ್ನು ನೋಡಿದೆ. ನಿಮ್ಮ ಮಗಳು ನಡುವೆ ಬಂದಳು."

ಈ ಮಾತಿಗೆ ನಾನು ಆ ತಾಯಿಯ ಕಾಲು ಹಿಡಿಯುವುದೊಂದು ಬಾಕಿ. ಮರುದಿನದಿಂದ ಇವನು ಬೀದಿ ಕೊನೆಯ ಬೇವಿನ ಮರ ನೋಡಲು ಕುತ್ತಿಗೆ ತಿರುಗಿಸಿದ. ಒಂದು ವಾರದಲ್ಲಿ ಕುತ್ತಿಗೆ ಹಿಡಿದುಕೊಂಡಿತು. ಅದಕ್ಕೆ ಎಣ್ಣೆ ಕಾಯಿಸಿ ಕೊಟ್ಟವಳು ಯಾರು?

ನನಗೆ ಉರಿದದ್ದು ಎಲ್ಲಿ ಗೊತ್ತಾ? ಆಗಲೇ ಮೂವತ್ತು ವರ್ಷದಿಂದ ರಾಟೆ ತಿರುಗಿಸುತ್ತಿದ್ದೆ. ನನ್ನ ಭುಜಕ್ಕೆ ನೋವಿರಲಿಲ್ಲವಾ? ಯಾವ ಡಾಕ್ಟರು ನನ್ನ ಮೊಣಕೈ ಎತ್ತರ ಕೇಳಿದರು? ಒಂದು ದಿನ ಇವನು ಕೇಳದೆ ಮಾಡದೆ ನನ್ನ ರಾಟೆಯ ಕೆಳಗೆ ಎರಡು ಇಟ್ಟಿಗೆ ತಂದಿಟ್ಟ. "ಭುಜ ಎತ್ತಬೇಡಿ ಅತ್ತಿಗೆ, ರಾಟೆಯನ್ನು ಎತ್ತಿ" ಅಂದ. ನನಗೆ ಬುದ್ಧಿ ಹೇಳುವುದಕ್ಕೆ ಬಂದನಲ್ಲ ಅಂತ ಎರಡೂ ಇಟ್ಟಿಗೆಯನ್ನು ಬಾವಿಕಟ್ಟೆಗೆ ಎಸೆದೆ. ಒಂದು ಇಟ್ಟಿಗೆ ಬಕೆಟ್ಟಿಗೆ ಬಿದ್ದು ಬಕೆಟ್ಟು ಒಡೆಯಿತು. ಅದೂ ಇವನ ತಪ್ಪೇ.

ಆಮೇಲೆ ಬಂತು ತೊಟ್ಟಿಲು. ತೋಳಿಗೆ ಆಸರೆ ಬೇಕಲ್ಲ? ನಡುತೊಲೆಗೆ ಕೂಸಿಗಾಗಿ ಹಳೇ ಸೀರೆಯ ಜೋಲಿ ಕಟ್ಟಿದ್ದೆವು. ಅದನ್ನು ಬಿಚ್ಚಿ ಗುಣಿಯ ಮೇಲಕ್ಕೆ ಕಟ್ಟಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಅದರಲ್ಲಿ ಇಟ್ಟುಕೊಂಡ. ಕೈ ತೇಲುತ್ತಿದೆ ಅತ್ತಿಗೆ, ಭಾರವೇ ಇಲ್ಲ ಅಂತ ಕಣ್ಣು ಮುಚ್ಚಿದ. ನನ್ನ ಮಗಳು ಬಾಗಿಲಲ್ಲಿ ಕೂಸು ಹಿಡಿದು ನಿಂತವಳು ಕೇಳಿದಳು, "ಚಿಕ್ಕಪ್ಪಾ, ಹಾಲು ಯಾರಿಗೆ ಕೊಡಲಿ?"

ಇನ್ನು ಅರ್ಧ ಗಂಟೆಗೊಮ್ಮೆ ಕೈ ಬಿಡುವುದು. ಮನೆಯಲ್ಲಿ ಗಡಿಯಾರವಿರಲಿಲ್ಲ. ನಮ್ಮ ಬೀದಿಯ ತಲೆಗೆ ಒಂದೇ ಒಂದು ಟೌನ್ ಬಸ್ಸು ಹೋಗುತ್ತಾ ಬರುತ್ತಾ ಇರುತ್ತಿತ್ತು, ಅರ್ಧ ಗಂಟೆಗೆ ಒಂದು ಸಲ ಹಾರ್ನ್. ಹಾರ್ನ್ ಕೇಳಿದರೆ ಸಾಕು, ಇವನು ಬ್ರಷ್ ಕೆಳಗಿಟ್ಟು, ಎದ್ದು ಬೀದಿಗೆ ಬಂದು ಕಾಗೆ ಓಡಿಸುವವನ ಹಾಗೆ ಎರಡೂ ಕೈ ಒದರುತ್ತಿದ್ದ. ಡ್ರೈವರ್ ಇವನು ನಿಲ್ಲಿಸಲು ಹೇಳುತ್ತಿದ್ದಾನೆ ಅಂತ ಎಷ್ಟು ಸಲ ಬಸ್ಸು ನಿಲ್ಲಿಸಿ ಬೈದನೋ ಲೆಕ್ಕವಿಲ್ಲ.

ಒಂದು ದಿನ ಕೆರೆ ಏರಿಯ ಮೇಲೆ ಆ ಬಸ್ಸಿನ ಅಚ್ಚು ಮುರಿದು ಅಲ್ಲೇ ಕೂತಿತು. ದಿನಪೂರ್ತಿ ಬಸ್ಸಿಲ್ಲ. ಇವನೇನು ಮಾಡಬೇಕಿತ್ತು? ನೀವೇ ಹೇಳಿ. ಬಸ್ಸು ಬರಲಿಲ್ಲ ಅಂತ ಇವನು ಕೈ ಬಿಡಲೇ ಇಲ್ಲ! ಬೆಳಿಗ್ಗೆ ಕಾಫಿ ಕುಡಿದು ಕೂತವನು, "ಹಾರ್ನ್ ಇನ್ನೂ ಆಗಿಲ್ಲವಲ್ಲ, ಇವತ್ತು ಹೊತ್ತು ನಿಧಾನ ಹೋಗುತ್ತಿದೆ" ಅಂದುಕೊಂಡು ಸಂಜೆ ದೀಪ ಹಚ್ಚುವವರೆಗೆ ಚೌಕ ತುಂಬಿದ. ಮಧ್ಯಾಹ್ನ ಊಟಕ್ಕೆ ಕರೆದರೆ "ಬಸ್ಸು ಬರಲಿ" ಅಂದ. ಏಳಲು ಹೋದಾಗ ಬ್ರಷ್ ಬೆರಳಿಂದ ಬರಲಿಲ್ಲ. ನಾನೇ ಒಂದೊಂದೇ ಬೆರಳು ಬಿಡಿಸಿ ತೆಗೆದೆ, ಬೈಯುತ್ತಾ. ಮುಖದಲ್ಲಿ ರಕ್ತವೇ ಇರಲಿಲ್ಲ ಅವನಿಗೆ.

ಆ ದಿನ ತುಂಬಿದ ಗಿಳಿ ಹಾಗೇ ಅಟ್ಟೆಗೆ ಹೋಯಿತು, ಅಟ್ಟೆ ಮಗ್ಗಕ್ಕೆ ಹೋಯಿತು. ಹದಿನೈದು ದಿನ ಕಳೆದು ಡಿಸೈನ್ ತೆಗೆದುಕೊಳ್ಳುವ ಮಗ್ಗದ ಧಣಿ, ಮುದಲಾಳಿ, ಸೀರೆ ಹಿಡಿದುಕೊಂಡು ಬಂದ. ತಿಣ್ಣೆಯ ಮೇಲೆ ಅಂಚು ಬಿಡಿಸಿದ.

"ಇದೇನಪ್ಪಾ, ಗಿಳಿಯಾ, ಇಕ್ಕಳವಾ?"

ನೋಡಿದೆ. ಒಂದು ಗಿಳಿಗೆ ಎರಡು ಕೊಕ್ಕು. ಒಂದು ಗಿಳಿಗಾದರೆ ತೊಂದರೆಯಿಲ್ಲ. ಕಾಗದದಲ್ಲಿ ಒಂದು ಸಲ ತಪ್ಪಿದರೆ ಮಗ್ಗ ಸೀರೆಯುದ್ದಕ್ಕೂ ಅದನ್ನೇ ನೇಯುತ್ತದೆ. ಅಂಚು ಪೂರಾ ಇಕ್ಕಳಗಳ ಮೆರವಣಿಗೆ!

ಮುದಲಾಳಿ ಕೆಟ್ಟವನಲ್ಲ, ಮಾತು ಮಾತ್ರ ಕೆಟ್ಟದು. "ನಿನ್ನ ಕೈ ಮುಗಿಯಿತಪ್ಪಾ, ವಿಶ್ರಾಂತಿ ತಗೋ. ಈರೋಡ್ ಕಡೆಯ ಒಬ್ಬ ಪೈಯ, ಎಳೇ ಹುಡುಗ, ಚೆನ್ನಾಗಿ ಬರೆಯುತ್ತಾನಂತೆ. ಹಳೇ ಪರಿಚಯ ಅಂತ ಕೊನೆಗೊಂದು ಕೊಡುತ್ತೇನೆ. ಹಂಸದ ಅಂಚು, ಎಂಟು ದಿನದಲ್ಲಿ ಬೇಕು. ಅದೂ ಇಕ್ಕಳವಾದರೆ ಬರಬೇಡ."

ಅವನು ಹೋದ ಮೇಲೆ ಮೈದುನ, ನಮಗೆ ಹೇಳದೆ ಮತ್ತೆ ಹೋಗಿ ತಂದಿದ್ದ ಡಾಕ್ಟರ ಚೀಟಿ ತೋರಿಸಿದ. ಮೂರು ತಿಂಗಳು ಬ್ರಷ್ ಮುಟ್ಟಬಾರದು, ಮುಟ್ಟಿದರೆ ಕೈ ಬರುವುದಿಲ್ಲ. ಆಮೇಲೆ ಗುಣಿಯೊಳಗೆ ನೋಡಿಕೊಂಡೇ ಅಂದ, "ಈ ಕೈ ಇಲ್ಲದಿದ್ದರೆ ಈ ಮನೆಯಲ್ಲಿ ನಾನು ಯಾರು ಅತ್ತಿಗೆ?"

ನನಗೆ ಬಂದ ಸಿಟ್ಟು! ಇಪ್ಪತ್ತು ವರ್ಷ ನನ್ನ ಕೈಯ ಸಾಂಬಾರು ತಿಂದು ಕೇಳುವ ಪ್ರಶ್ನೆಯಾ ಅದು? "ಏಳು ಮೇಲೆ" ಅಂದೆ. ಎದ್ದ. ಅವನ ಜಾಗದಲ್ಲಿ ನಾನು ಇಳಿದು ಕೂತೆ. "ಹೇಳು, ಎಷ್ಟು ಬಿಡಬೇಕು, ಎಷ್ಟು ತುಂಬಬೇಕು?"

ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಎಳೆ ಎಣಿಸುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಪಕ್ಕದಲ್ಲಿ ಕೂತು ಹೇಳಿದ, "ಮೂರು ಬಿಡಿ, ಐದು ತುಂಬಿ, ಒಂದು ಬಿಡಿ." ನಾನು ತುಂಬಿದೆ. ತುಂಬುವಷ್ಟಕ್ಕೆ ಬಿಟ್ಟನಾ? ಮಣೆ ಎರಡು ಬೆರಳು ಇಳಿಸಿದ, ಪಡಿಯನ್ನು ಹಿಂದಕ್ಕೆ ಸರಿಸಿದ, ನನ್ನ ಮೊಣಕೈಯಿಂದ ನೂಲು ಹಿಡಿದು ಕಂಬಕ್ಕೆ ಹೊಸ ಗೀಟು ಹಾಕಿದ. ಎಲ್ಲದಕ್ಕೂ ಕಡೆಗೆ ನನ್ನ ಕೈಯನ್ನೂ ತೊಟ್ಟಿಲಿಗೆ ಹಾಕಿದ! ಆಗಲೇ ಎದುರುಮನೆಯವಳು ಮೊಸರಿನ ಹೆಪ್ಪಿಗೆ ಬರಬೇಕಾ?

"ಅಯ್ಯಯ್ಯೋ, ನೀವೂನಾ ಅಕ್ಕಾ?" ಅಂತ ಹೆಪ್ಪು ಮರೆತು ಓಡಿದಳು.

ಬಸ್ಸು ರಿಪೇರಿಯಾಗಿ ಓಡುತ್ತಿತ್ತು. ಹಾರ್ನ್ ಆದರೆ ಸಾಕು, "ಅತ್ತಿಗೆ, ಬಸ್ಸು! ಬ್ರಷ್ ಕೆಳಗೆ!" ನಾನು ಬೀದಿಗೆ ಹೋಗಿ ಕೈ ಒದರಲಿಲ್ಲ. ಅಷ್ಟು ಮಾನ ಉಳಿಸಿಕೊಂಡೆ, ಅಡುಗೆಮನೆಯಲ್ಲಿ ಒದರಿದೆ. ಎಂಟನೇ ದಿನ ಹಂಸ ಮುಗಿಯಿತು. ಮುದಲಾಳಿ ಭೂತಗನ್ನಡಿ ಇಟ್ಟು ನೋಡಿ, "ಕೈ ಸರಿಹೋಯಿತಲ್ಲಪ್ಪಾ" ಅಂದ. ಯಾರ ಕೈ ಅಂತ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮುಂದಿನ ಡಿಸೈನ್ ಕೊಟ್ಟು ಹೋದ. ಅದೇ ದಿನ ನಾನು ಬಾವಿಕಟ್ಟೆಯಿಂದ ಎರಡು ಇಟ್ಟಿಗೆ ತಂದು ರಾಟೆಯ ಕೆಳಗೆ ಇಟ್ಟುಕೊಂಡೆ. ಅವನು ನೋಡಿದ. ಬಾಯಿ ತೆರೆದಿದ್ದರೆ ಅವೇ ಇಟ್ಟಿಗೆ ಅವನ ತಲೆಗೆ ಬೀಳುತ್ತಿದ್ದವು, ಅದಕ್ಕೇ ಸುಮ್ಮನಿದ್ದ.

ಮೂರು ತಿಂಗಳು ಕಳೆದು ಅವನ ಕೈ ಬಂತು. ಈಗಲೂ ಇದೆ, ನನ್ನ ಜೊತೆ ವಾದ ಮಾಡುವಾಗ ಚೆನ್ನಾಗಿಯೇ ಆಡುತ್ತದೆ. ಆದರೆ ನಾನು ಹೇಳಬೇಕೆಂದು ಕೂತದ್ದು ಆ ಮೂರು ತಿಂಗಳ ನಡುವಿನ ಒಂದು ಮಧ್ಯಾಹ್ನದ ಮಾತು.

ಇವನು ಆಗ ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ತಟ್ಟೆ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದ. "ಗಾಳಿಗೆ" ಅನ್ನುತ್ತಿದ್ದ. ಗಾಳಿ ಬೇರೆ ಬೇಕಾ ಇವನಿಗೆ ಅಂತ ಉರಿದುಕೊಂಡೇ ಬಡಿಸುತ್ತಿದ್ದೆ. ಒಂದು ದಿನ ಗಂಜಿ ಚೆಲ್ಲಲು ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಟ್ಟೆ. ಇವನು ಅನ್ನ ಕಲಸಲು ನೋಡುತ್ತಾನೆ, ಬೆರಳು ಕೂಡುವುದಿಲ್ಲ. ಎತ್ತಿದರೆ ಬಾಯಿಗೆ ಹೋಗುವ ಮೊದಲೇ ಉದುರುತ್ತದೆ. ಗೋಡೆಯ ಮೇಲೆ ಕಾಗೆಗಳು ದಿನದ ಗಿರಾಕಿಗಳ ಹಾಗೆ ಸಾಲಾಗಿ ಕೂತಿದ್ದವು. ಎಡಗೈಯಲ್ಲಿ ತಿನ್ನಬಹುದಿತ್ತು. ಎಡಗೈ ತಟ್ಟೆಗೆ ಹೋದರೆ ನಾನು ಮಕ್ಕಳಿಗೆ ಸೌಟಿನಲ್ಲಿ ಏಟು ಕೊಡುತ್ತಿದ್ದೆನಲ್ಲ, ಅದನ್ನು ಅವನು ಇಪ್ಪತ್ತು ವರ್ಷ ನೋಡಿದ್ದಾನೆ. ಆ ಕಡೆ ಈ ಕಡೆ ನೋಡಿ, ತಟ್ಟೆಗೇ ಬಾಯಿ ತಗ್ಗಿಸಿದ.

ನಾನು ಗಂಜಿ ಚೆಲ್ಲದೆ ಒಳಗೆ ಬಂದೆ.

ಮರುದಿನ ದೊಡ್ಡ ಬೇಸಿನ್ನಿಗೆ ಅನ್ನ ಹಾಕಿ ಸಾಂಬಾರು ಕಲಸಿದೆ. ನನ್ನ ಕೊನೆಯ ಮಕ್ಕಳಿಬ್ಬರು, ಮಗಳ ದೊಡ್ಡ ಹುಡುಗಿ, ಎಲ್ಲರನ್ನೂ ಸುತ್ತ ಕೂರಿಸಿದೆ. ಇವನು ತಟ್ಟೆಗೆ ಕೈ ಚಾಚಿದ.

"ಇವತ್ತು ತಟ್ಟೆಯಿಲ್ಲ, ಎಲ್ಲರಿಗೂ ಕೈತುತ್ತು. ಕೂರು."

"ನಾನೇನು ಮಗುವಾ ಅತ್ತಿಗೆ?"

"ತೊಟ್ಟಿಲು ಬೇಕು, ತುತ್ತು ಬೇಡವಾ? ಕೂರೋ."

ಕೂತ. ಬಲಗೈ ನೀಡಿದ. ತುತ್ತು ಇಟ್ಟೆ, ಅಂಗೈ ನಿಲ್ಲಲಿಲ್ಲ, ಉರುಳಿ ನೆಲಕ್ಕೆ ಬಿತ್ತು. ಹುಡುಗಿ ನಗಲು ಹೋದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ಆ ಕೈ ಅಲ್ಲ, ಇನ್ನೊಂದು" ಅಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ಎಡಗೈ ನೀಡಿದ. ನನ್ನ ಕೊನೆಯವನು ಸೌಟು ಹುಡುಕುತ್ತಾ, "ಅಮ್ಮಾ, ಚಿಕ್ಕಪ್ಪ ಎಡಗೈ..." ಅಂದ.

"ಬಾಯಿ ಮುಚ್ಚಿಕೊಂಡು ತಿನ್ನು."

ಒಂದು ಸುತ್ತಾಯಿತು, ಎರಡು ಸುತ್ತಾಯಿತು. ಬೀದಿಯ ತಲೆಯಲ್ಲಿ ಹಾರ್ನ್ ಆಯಿತು.

"ಬಸ್ಸು ಅತ್ತಿಗೆ" ಅಂದ, ಬಾಯಿ ತುಂಬ ಅನ್ನ, ಕಣ್ಣು ನೆಲದ ಕಡೆ. "ನಿಮ್ಮ ಕೈಗೆ ಸ್ವಲ್ಪ ರೆಸ್ಟ್ ಕೊಡಿ."

"ಈ ಕೆಲಸಕ್ಕೆ ಬಸ್ಸಿನ ಲೆಕ್ಕವಿಲ್ಲ" ಅಂದೆ. "ನೀಡು ಕೈ."