ಇಪ್ಪತ್ತೆರಡು ಗುಂಡುಗಳ ಮೌನ

ನಡುಮನೆಯಲ್ಲಿ, ಹಳೆಯ ಪತ್ರಿಕೆಗಳ ಮೇಲೆ, ಗುಡ್ಡ ಹತ್ತುವ ದಪ್ಪ ಗಾಲಿಯ ಸೈಕಲ್ಲೊಂದು ಶೀರ್ಷಾಸನ ಹಾಕಿ ನಿಂತಿತ್ತು. ಕಿಟಕಿಯ ಬೆಳಕು ಅದರ ಕಡ್ಡಿಗಳ ನಡುವೆ ಇಳಿದು, ಜೇಡ ಅರ್ಧ ನೇಯ್ದು ಮರೆತಂಥ ನೆರಳನ್ನು ಗೋಡೆಯ ಮೇಲೆ ಬಿಡಿಸಿತ್ತು. ಪಕ್ಕದಲ್ಲಿ ಸ್ಪಾನರು, ಗ್ರೀಸಿನ ಡಬ್ಬಿ, ಒಂದು ಖಾಲಿ ತಟ್ಟೆ. ಯಾವುದೂ ಅಲುಗುತ್ತಿರಲಿಲ್ಲ; ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ ಗುಮಾಸ್ತನಂತೂ ಉಸಿರನ್ನೂ ಅಲುಗಿಸುತ್ತಿರಲಿಲ್ಲ.

ಕಾರಣ ಚಿಕ್ಕದು: ಎಡ ಪೆಡಲಿನ ಕೀಚಲು. ಎರಡು ವರ್ಷದ ಹಿಂದೆ ಭಾಮೈದ ಬಿಟ್ಟುಹೋದ ಈ ಸೈಕಲ್ಲೇರಿ, ಬೆಳಿಗ್ಗೆ ಐದಕ್ಕೆ ಊರಾಚೆಯ ಗುಡ್ಡ ಇಳಿಯುವ ಅರ್ಧ ಗಂಟೆಯಷ್ಟೇ ಅವನು ಮನುಷ್ಯನಾಗಿರುತ್ತಿದ್ದ. ಉಳಿದ ಹೊತ್ತು ಕಚೇರಿಯ ಮೊಹರು. ಆದರೆ ಆ ಸದ್ದಿಗೆ ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು.

“ರೀ, ಸಂಜೆಯೊಳಗೆ ಅದರ ಬಾಯಿ ಮುಚ್ಚಿಸಿ. ಇಲ್ಲಾಂದ್ರೆ ಗುಜರಿಯವನನ್ನ ನಾನೇ ಕರೀತೀನಿ,” ಎಂದಿದ್ದಳು ಹೆಂಡತಿ.

ಸಲಹೆಗೆ ಯಾರೂ ಕರೆಯಬೇಕಿಲ್ಲದ ಮಹಡಿಯ ದರ್ಜಿ ಆಗಲೇ ಇಳಿದು ಬಂದಿದ್ದ.

“ಎಡಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ ಸ್ವಾಮಿ. ಲೋಕದ ನಿಯಮ.”

ಇಬ್ಬರೂ ಸ್ಪಾನರಿಗೆ ಜೋತುಬಿದ್ದರು. ಪೆಡಲು, ನಿವೃತ್ತಿಗೊಪ್ಪದ ಅಧಿಕಾರಿಯಂತೆ, ಇನ್ನಷ್ಟು ಬಿಗಿಯಾಗಿ ಕೂತಿತು.

“ಎಡಗಡೆ ಪೆಡಲ್ ಉಲ್ಟಾ ಬಿಚ್ಚಬೇಕಂತೆ,” ಹೆಂಡತಿ ಫೋನಿನಿಂದ ಕಣ್ಣೆತ್ತದೆ ಓದಿದಳು. “ಇಬ್ಬರು ಗಂಡಸರು ಬೇಡವಂತೆ.”

ಬಿಚ್ಚಿತು. ಪೆಡಲಿನ ನಟ್ಟು ತೆಗೆದದ್ದೇ, ಒಳಗಿನಿಂದ ಕಾಳುಮೆಣಸಿಗಿಂತ ಸಣ್ಣ ಉಕ್ಕಿನ ಗುಂಡುಗಳು ಕಪ್ಪು ಗ್ರೀಸಿನೊಡನೆ ತಟ್ಟೆಗಿಳಿದವು. ಬದಿಗೆ ಹನ್ನೊಂದರಂತೆ ಇಪ್ಪತ್ತೆರಡಿರಬೇಕು. ಮೂರು ಸಲ ಎಣಿಸಿದರೂ ಇಪ್ಪತ್ತೊಂದೇ.

“ಒಂದು ಗುಂಡಿ ಇಲ್ದಿದ್ರೆ ಜನ ಅಂಗಿ ಹಾಕ್ಕೊಳ್ಳಲ್ವಾ?” ಎಂದ ದರ್ಜಿ.

“ಅಂಗಿ ಹತ್ಕೊಂಡು ಯಾರೂ ಗುಡ್ಡ ಇಳಿಯಲ್ಲ ಕಣ್ರೀ,” ಎಂದ ಗುಮಾಸ್ತ.

ಮುಖ ಗಂಟಿಕ್ಕಿಕೊಂಡ ದರ್ಜಿ ಮೇಲೆ ಹೋಗಿ, ಬಿದ್ದ ಗುಂಡುಸೂಜಿ ಹೆಕ್ಕುವ ಸೂಜಿಗಲ್ಲು ತಂದ. ಕಪಾಟಿನಡಿ ಆಡಿಸಿದರೆ ಏಳು ಗುಂಡುಸೂಜಿ, ಕಳೆದದ್ದಕ್ಕೆ ಗುಮಾಸ್ತ ವರ್ಷವಿಡೀ ಬೈಸಿಕೊಂಡಿದ್ದ ಬೀಗದ ಕೈ, ಕೊನೆಗೆ ಆ ಗುಂಡು. ಗೆಲುವಿನ ಭರದಲ್ಲಿ ದರ್ಜಿ ಕಲ್ಲನ್ನು ತಟ್ಟೆಯ ಮೇಲೆ ಬೀಸಿದ. ಉಳಿದ ಇಪ್ಪತ್ತೊಂದೂ, ಊಟದ ಗಂಟೆ ಕೇಳಿದ ಗುಮಾಸ್ತರಂತೆ, ಒಟ್ಟಿಗೆ ಹಾರಿ ಸೂಜಿಗಳ ನಡುವೆ ಅಂಟಿಕೊಂಡವು. ಬಿಡಿಸುವಷ್ಟರಲ್ಲಿ ನಮ್ಮ ಗುಮಾಸ್ತನ ಬೆರಳು ಸೂಜಿ ಚುಚ್ಚುವ ಮೆತ್ತೆಯಾಗಿತ್ತು.

ಹೊಸ ಗ್ರೀಸಿನಲ್ಲಿ ಒಂದೊಂದೇ ಗುಂಡನ್ನು ಕೂರಿಸಿ, ನಟ್ಟನ್ನು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ, ಒಳ್ಳೆಯ ದಾಂಪತ್ಯದಷ್ಟೇ ತಿರುಪಿದ. ನಾಲ್ಕು ಗಂಟೆಗೆ ಪೆಡಲು ತಿರುಗಿತು. ಸದ್ದಿಲ್ಲ. ಹೆಂಡತಿ ಕಿವಿಯಿಟ್ಟು ಆಲಿಸಿ, “ಇರಲಿ ಬಿಡಿ, ಮನೇಲೇ ಇರಲಿ,” ಎಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗೆದ್ದವನಿಗೆ ಸಾಕ್ಷಿ ಬೇಕು. ಅರ್ಧ ನಿಮಿಷದ ಆ ಮೌನವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವನು ಭಾಮೈದನಿಗೆ ಕಳಿಸಿದ.

ಅರ್ಧ ಗಂಟೆಯಲ್ಲಿ ಭಾಮೈದನೇ ಬಂದ. ಪೆಡಲಿಗೊಂದು ತಟ್ಟು ಕೊಟ್ಟ. ಅದು ತಿರುಗುತ್ತಲೇ ಇತ್ತು.

“ಭಾವ, ಕೈಯಲ್ಲ ನಿಮ್ಮದು, ಚಿನ್ನ. ಆ ಕೀಚಲು ತಡೀಲಾರ್ದೆ ತಾನೆ ಇದನ್ನ ಇಲ್ಲಿ ಬಿಟ್ಟಿದ್ದು? ಇನ್ನು ನಿಮಗೆ ತೊಂದರೆ ಬೇಡ, ತಗೊಂಡು ಹೋಗ್ತೀನಿ.”

ಗುಮಾಸ್ತ ಹೆಂಡತಿಯ ಮುಖ ನೋಡಿದ.

“ಅವನದ್ದೇ ಅಲ್ವೇನ್ರೀ,” ಎಂದಳು ಅವಳು, ಮೆಲ್ಲಗೆ.

ದರ್ಜಿ ಬಾಗಿಲು ಹಿಡಿದು ನಿಂತ. “ಹುಷಾರಪ್ಪಾ, ಬಣ್ಣ ಕೆರೆದುಹೋದೀತು.”

ಸೈಕಲ್ಲು ಹೊಸ್ತಿಲು ದಾಟಿದ್ದು ಗುಮಾಸ್ತನಿಗೆ ತಿಳಿಯಲೇ ಇಲ್ಲ, ಅಷ್ಟು ನುಣುಪಾಗಿತ್ತು ಅವನ ಕೆಲಸ. ಭಾಮೈದನ ಹಿಂದೆ ಬಾಗಿಲು ಮುಚ್ಚಿಕೊಂಡ ಸದ್ದೊಂದೇ ಕೇಳಿಸಿತು.