ಸೂತಕದ ವರ್ಷದ ಶ್ರೇಷ್ಠ ಚಿತ್ರಗಳು

ಬೇರೆಯವರ ಮನೆಯಲ್ಲಿ ರೇಡಿಯೋ ಹಾಡುತ್ತದೆ. ನಮ್ಮ ಮನೆಯಲ್ಲಿ ಅದು ಸೀರೆ ಉಟ್ಟುಕೊಂಡು ಗೂಡಿನಲ್ಲಿ ಕೂತಿತ್ತು. ಸೀರೆ ನನ್ನ ಅತ್ತೆ ಬೊಮ್ಮಮ್ಮನದು. ಅತ್ತೆ ತೀರಿಕೊಂಡ ಮರುದಿನ ನನ್ನ ಹೆಂಡತಿ ಸುಂಕಮ್ಮ ಅದನ್ನು ರೇಡಿಯೋಕ್ಕೆ ಬಿಗಿಯಾಗಿ ಸುತ್ತಿ, ವರ್ಷ ತುಂಬುವವರೆಗೆ ಈ ಮನೆಯಲ್ಲಿ ಹಾಡಿಲ್ಲ, ಹೋಳಿಗೆಯಿಲ್ಲ, ಸಿನಿಮಾ ಅಂತೂ ಇಲ್ಲವೇ ಇಲ್ಲ ಎಂದು ರಾಜಾಜ್ಞೆ ಹೊರಡಿಸಿದಳು. ಅತ್ತೆ ಬದುಕಿದ್ದಾಗ ನನಗೇನೂ ತೊಂದರೆ ಕೊಟ್ಟವರಲ್ಲ (ಅವರಿದ್ದದ್ದು ಕೂಡ್ಲಿಗಿಯ ಆಚೆಯ ಹಳ್ಳಿ, ನಾವಿದ್ದದ್ದು ಹಗರಿಬೊಮ್ಮನಹಳ್ಳಿ, ನಡುವೆ ಬಸ್ಸು ಸರಿಯಾಗಿರಲಿಲ್ಲ). ತೀರಿಕೊಂಡ ಮೇಲೆ ಮಾತ್ರ ವರ್ಷವಿಡೀ ನಮ್ಮ ಮನೆಯಲ್ಲೇ ಇದ್ದರು.

ನನ್ನ ಸಂಕಟ ಏನೆಂದರೆ, ಅದಕ್ಕೆ ಒಂದೇ ವಾರ ಮುಂಚೆ, ಎಂಬತ್ತನೇ ಇಸವಿಯ ಯುಗಾದಿ ದಿನ, ನಾನೊಂದು ಮಹಾವ್ರತ ಹಿಡಿದಿದ್ದೆ. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತೆಗೆದುಕೊಂಡವನು ನಾನೇ ಮೊದಲಿಗ. ಕಚೇರಿಯಲ್ಲಿ ನನಗೆ ಮೇಜಿತ್ತು, ನೆತ್ತಿಯ ಮೇಲೆ ಫ್ಯಾನಿತ್ತು, ಆದರೆ ಚಹಾದ ಹೊತ್ತಿಗೆ ಬಾಯಿ ಇರಲಿಲ್ಲ. ಹೆಡ್ ಕ್ಲಾರ್ಕ್ ಏಕಾಂತಪ್ಪನವರು ಬಳ್ಳಾರಿಯಲ್ಲಿ ಓದಿದವರು. ಕಪ್ಪು ಬಿಳುಪಿನ ಹಳೇ ಸಿನಿಮಾಗಳ ಒಂದೊಂದು ದೃಶ್ಯವನ್ನೂ ಕಣ್ಣು ಮುಚ್ಚಿಕೊಂಡು ವರ್ಣಿಸುತ್ತಿದ್ದರು. ಉಳಿದವರು ಹೌದ್ರಿ ಹೌದ್ರಿ ಎನ್ನುತ್ತಿದ್ದರು. ನಾನು ಬಸಿಯಲ್ಲಿದ್ದ ಚಹಾ ಊದುತ್ತಿದ್ದೆ.

"ಪಕ್ಕೀರಪ್ಪ, ನೀ ಒಂದರ ಕ್ಲಾಸಿಕ್ ನೋಡೀಯೇನು?" ಎಂದು ಅವರು ಒಂದು ದಿನ ಎಲ್ಲರ ಮುಂದೆ ಕೇಳಿದರು. (ನಾನು ಅದೊಂದು ಹೊಸ ಸಿಗರೇಟು ಎಂದುಕೊಂಡೆ.) ಎಲ್ಲರೂ ನಕ್ಕರು. ಜವಾನನೂ ನಕ್ಕ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬರುವ ಯುಗಾದಿಯೊಳಗೆ ತಿಂಗಳಿಗೊಂದರಂತೆ ಶ್ರೇಷ್ಠ ಚಿತ್ರಗಳನ್ನು ನೋಡಿ ಮುಗಿಸುತ್ತೇನೆ ಎಂದು ಅಲ್ಲೇ ಘೋಷಣೆ ಮಾಡಿಬಿಟ್ಟೆ. ಭೀಷ್ಮನಿಗಾದರೂ ಪ್ರತಿಜ್ಞೆ ಮಾಡಿದಾಗ ಹೆಂಡತಿ ಇರಲಿಲ್ಲ.

ನಮ್ಮೂರಿನ ಟಾಕೀಸಿಗೆ ಬರುತ್ತಿದ್ದದ್ದು ಹೊಡೆದಾಟದ ಹೊಸ ಚಿತ್ರಗಳು. ಹಳೆಯವು ಬೇಕೆಂದರೆ ಹೂವಿನಹಡಗಲಿಗೇ ಹೋಗಬೇಕು. ಅಲ್ಲೊಂದು ಟೆಂಟ್ ಸಿನಿಮಾ ಇತ್ತು. ಅದರ ಮಾಲೀಕ ಕಡಿಮೆ ಬಾಡಿಗೆಗೆ ಸಿಗುತ್ತವೆಂದು ಹಳೇ ಚಿತ್ರಗಳನ್ನೇ ತರಿಸುತ್ತಿದ್ದ. ಆದರೆ ಸೂತಕದ ಮನೆಯ ಗಂಡಸು ತಿಂಗಳಿಗೊಮ್ಮೆ ಹಡಗಲಿಗೆ ಯಾಕೆ ಹೋಗುತ್ತಾನೆ? ಸುಂಕಮ್ಮನ ಶಾಸ್ತ್ರದಲ್ಲಿ ಅಂಥ ವರ್ಷ ಎರಡೇ ಪ್ರಯಾಣಕ್ಕೆ ಅಪ್ಪಣೆ. ಒಂದು, ಸತ್ತವರ ಮನೆಗೆ. ಅಲ್ಲಿಂದ ಬಂದರೆ ಹೊಸ್ತಿಲು ದಾಟುವ ಮೊದಲು ಅಂಗಳದಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳಬೇಕು. ಹೋಗದಿದ್ದರೂ, ಹತ್ತಿರದವರು ಸತ್ತ ಸುದ್ದಿ ಕಿವಿಗೆ ಬಿದ್ದರೆ ಸಾಕು, ನೀರು ತಪ್ಪುವುದಿಲ್ಲ. ಎರಡು, ಕಾಯಿಲೆಯವರನ್ನು ನೋಡಲು. ಅದಕ್ಕೆ ಸ್ನಾನವಿಲ್ಲ. ನಾನು ಎರಡನೆಯದನ್ನು ಆರಿಸಿಕೊಂಡೆ.

ಕಾಯಿಲೆ ಕೊಟ್ಟದ್ದು ನನ್ನ ಸೋದರಮಾವ ಜೋಗಪ್ಪನಿಗೆ. ಹಡಗಲಿಯಿಂದ ಬಸ್ಸಿಗೆ ಅರ್ಧ ಗಂಟೆಯಾಗುವ ಮಾಗಳದಲ್ಲಿ, ಹೊಳೆ ದಂಡೆಯಲ್ಲಿ ಮಾವ ಒಬ್ಬನೇ ಇದ್ದ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವನು ಅವನೇ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಡಗಲಿಯ ಸಾಲೆಗೆ ಸೇರಿಸಲು ನಡೆದದ್ದು, ನಾನು ಬೀಳದಂತೆ ಅವನ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ಕೂತದ್ದು ನನಗೆ ಇವತ್ತಿಗೂ ನೆನಪಿದೆ. ಮಕ್ಕಳಿಲ್ಲದ ಮನುಷ್ಯ. ನನ್ನ ಬಾಯಿಗೆ ನೀರು ಬಿಡೋನೂ ನೀನ, ಮಣ್ಣು ಹಾಕೋನೂ ನೀನ ಎಂದು ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಆಗ ಅವನು ಗುಂಡುಕಲ್ಲಿನಂತೆ ಇದ್ದ. ಹಾಗಿರುವವನಿಗೆ ಒಂದಿಷ್ಟು ಕೆಮ್ಮು ಕೊಟ್ಟರೆ ಏನೂ ಆಗುವುದಿಲ್ಲ ಎಂದುಕೊಂಡೆ.

ಸುಂಕಮ್ಮ ಕೇಳಿದವಳೇ ಹೌಹಾರಿದಳು. ತಡ ಮಾಡಬ್ಯಾಡ್ರಿ ಎಂದು ಅವಳೇ ನನ್ನನ್ನು ಬಸ್ಸಿಗೆ ಅಟ್ಟಿದಳು. ಜೊತೆಗೆ ಮಾವನಿಗೆಂದು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಟಲಿ ಕಷಾಯ. ಟೆಂಟಿನ ಆಟ ಶುರುವಾಗುವುದು ಕತ್ತಲಾದ ಮೇಲೆ. ಅಲ್ಲಿಯತನಕ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಬುಟ್ಟಿಗಳ ನಡುವೆ ಕೂತು ರೊಟ್ಟಿ ತಿಂದೆ. ಕಷಾಯ ಚೆಲ್ಲಲು ಮನಸ್ಸಾಗಲಿಲ್ಲ, ಕುಡಿದೆ. ಮಾಗಳಕ್ಕೆ ಒಂದು ಸುತ್ತು ಹೋಗಿ ಬರಬಹುದಿತ್ತು. ಆದರೆ ಹೋದರೆ ಮಾವ ಉಳಿಸಿಕೊಳ್ಳದೆ ಬಿಡುವವನಲ್ಲ, ಉಳಿದರೆ ಸಿನಿಮಾ ತಪ್ಪುತ್ತದೆ. ಮುಂದಿನ ತಿಂಗಳು ನೋಡೋಣ ಎಂದುಕೊಂಡೆ. ಪ್ರತಿ ತಿಂಗಳೂ ಹಾಗೇ ಅಂದುಕೊಂಡೆ.

ಇನ್ನು ಆ ಶ್ರೇಷ್ಠ ಚಿತ್ರಗಳ ವಿಚಾರ. ಪ್ರಿಂಟು ಎಷ್ಟು ಹಳೆಯದೆಂದರೆ ರಾಜನ ದರ್ಬಾರಿನಲ್ಲೂ ಜಡಿಮಳೆ ಸುರಿಯುತ್ತಿತ್ತು. ಒಮ್ಮೆ ರೀಲು ಹಿಂದುಮುಂದಾಗಿ, ನಾಯಕನ ಶವಸಂಸ್ಕಾರ ಮುಗಿದ ಮೇಲೆ ಅವನ ಮದುವೆಯಾಯಿತು. ಯಾರೂ ಆಕ್ಷೇಪಿಸಲಿಲ್ಲ, ಸುಖಾಂತವಾಯಿತಲ್ಲ ಎಂದು ಎದ್ದು ಹೋದರು. ನಾನು ಮಾತ್ರ ನೆಲದ ಮರಳಿನ ಮೇಲೆ ಕೂತು ವಿದ್ಯಾರ್ಥಿಯಂತೆ ನೋಡುತ್ತಿದ್ದೆ. ರಾತ್ರಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಊರು ಸೇರಿ, ಕಚೇರಿಗೆ ಹೋಗಿ ವರದಿ ಒಪ್ಪಿಸಿದರೆ ಏಕಾಂತಪ್ಪನವರು ಮೂಗು ಮುರಿದು, ಇದಲ್ಲೋ ತಮ್ಮಾ, ಇದಕ್ಕೂ ಮುಂಚಿಂದು ಒಂದು ಐತಿ, ಅದು ಖರೇ ಕ್ಲಾಸಿಕ್ ಎನ್ನುತ್ತಿದ್ದರು.

ಕಚೇರಿಗಿಂತ ಕಠಿಣವಾದ ಪರೀಕ್ಷೆ ಮನೆಯಲ್ಲಿತ್ತು. ಮಾವ ಏನು ತಿಂದ, ಏನು ಅಂದ, ಕಣ್ಣಿನ ಬಣ್ಣ ಹೇಗಿತ್ತು, ಎಲ್ಲ ಬೇಕು ಸುಂಕಮ್ಮನಿಗೆ. ನನಗೆ ಕಥೆ ಕಟ್ಟಲು ಬರುವುದಿಲ್ಲ. ಆದರೆ ಹಳೇ ಚಿತ್ರಗಳಲ್ಲಿ ಯಾರಾದರೊಬ್ಬರು ಮಂಚದ ಮೇಲೆ ಮಲಗಿ ಅರ್ಧ ಗಂಟೆ ಸಾಯುವುದು ಇದ್ದೇ ಇರುತ್ತಿತ್ತು. ಆ ಮಾತುಗಳನ್ನೇ ಮಾಗಳದ ಭಾಷೆಗೆ ಇಳಿಸಿ ಮಾವನ ಬಾಯಿಗೆ ಹಾಕಿದೆ. ಪರಿಣಾಮ ನಾನು ಎಣಿಸಿದ್ದಕ್ಕಿಂತ ಹೆಚ್ಚಾಯಿತು. ಸುಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಇಂಥ ಮಾತು ಆಡೋ ಮನುಷ್ಯ ಅಂತ ನನಗ ಗೊತ್ತಿರಲಿಲ್ಲ ಎಂದಳು. ನನಗೂ ಗೊತ್ತಿರಲಿಲ್ಲ. ಮಾವ ಬದುಕಿನಲ್ಲಿ ಒಮ್ಮೆಗೆ ನಾಲ್ಕು ಮಾತಿಗಿಂತ ಹೆಚ್ಚು ಆಡಿದವನಲ್ಲ.

ಹೀಗೆ ಅವನನ್ನು ಸಾಯಲೂ ಬಿಡದೆ ಬದುಕಲೂ ಬಿಡದೆ ತಿಂಗಳುಗಟ್ಟಲೆ ಸಾಗಿಸಿದೆ. ಗುಣವಾದರೆ ನನ್ನ ವ್ರತ ಕೆಡುತ್ತದೆ. ಸತ್ತರೆ ಸುಂಕಮ್ಮ ಮಣ್ಣಿಗೆ ಬರುತ್ತಾಳೆ. ನಾನೂ ಬರ್ತೀನಿ ಎಂದು ಅವಳು ಹಟ ಹಿಡಿದಾಗಲೆಲ್ಲ ಕೆಮ್ಮು ಅಂಟುಜಾಡ್ಯವೆಂದು ಹೆದರಿಸಿ ನಿಲ್ಲಿಸುತ್ತಿದ್ದೆ. ಕಾಯಿಲೆ ಏರಿದಂತೆ ನನ್ನ ಊಟ ಇಳಿಯಿತು. ರೊಟ್ಟಿ ಹೋಗಿ ಮೆತ್ತನೆಯ ಅನ್ನ ಬಂತು, ಅನ್ನ ಹೋಗಿ ಉಪ್ಪಿಲ್ಲದ ಗಂಜಿ ಬಂತು. ಜಗತ್ತಿನ ಮಹಾಚಿತ್ರಗಳನ್ನು ರೋಗಿಯ ಗಂಜಿ ಕುಡಿಯುತ್ತ ನೋಡಿದವನು ನಾನೊಬ್ಬನೇ ಇರಬೇಕು.

ಮಾಘ ಕಳೆಯಿತು. ನನ್ನ ವ್ರತಕ್ಕೆ ಇನ್ನೊಂದೇ ಚಿತ್ರ ಬಾಕಿ, ಅತ್ತೆಯ ವರ್ಷ ತುಂಬಲಿಕ್ಕೂ ಇನ್ನು ಸ್ವಲ್ಪವೇ ದಿನ. ಸುಂಕಮ್ಮನ ಮುಖ ಗೆಲುವಾಗಿತ್ತು. ವರ್ಷದ ಪೂಜೆ ಮುಗಿದ ಮೇಲೆ ಇಬ್ಬರೂ ಕೂಡಿ ಒಂದು ಸಿನಿಮಾ ನೋಡೋಣ್ರಿ, ನನಗೂ ಆಸಿ ಐತಿ ಎಂದು ನಾಚಿಕೊಂಡು ಹೇಳಿದಳು. ನಾನು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡೆ.

ಆ ಭಾನುವಾರ ಬೆಳಿಗ್ಗೆ ಗಂಜಿಯ ಡಬ್ಬಿ ಹಿಡಿದು ಹಡಗಲಿಗೆ ಹೊರಟೆ. ಅವತ್ತಿನ ಚಿತ್ರ, ಏನು ಹೇಳಲಿ, ಏಕಾಂತಪ್ಪನವರೂ ಒಪ್ಪುವಂಥದ್ದು. ಮುದಿ ತಂದೆ ಬಾಗಿಲ ಕಡೆಗೇ ಕಣ್ಣಿಟ್ಟುಕೊಂಡು ಮಲಗಿದ್ದಾನೆ, ದೂರದೇಶದ ಮಗ ಕುದುರೆ ಏರಿ ಬರುತ್ತಿದ್ದಾನೆ. ಕುದುರೆ ಓಡುತ್ತದೆ, ದೀಪ ಸಣ್ಣದಾಗುತ್ತದೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದವನು ತನ್ನ ಟವೆಲ್ಲು ಕೊಟ್ಟ. ಮಗ ಕೊನೇ ಗಳಿಗೆಗೆ ಬಂದು ಕೈ ಹಿಡಿದಾಗ ಟೆಂಟಿಗೆ ಟೆಂಟೇ ನಿಟ್ಟುಸಿರು ಬಿಟ್ಟಿತು.

ಸೋಮವಾರ ಬೆಳಿಗ್ಗೆ ಮನೆಗೆ ಬಂದಾಗ ಸುಂಕಮ್ಮ ಹೊಸ್ತಿಲಲ್ಲೇ ಕೂತಿದ್ದಳು. ತಲೆಗೂದಲು ಒದ್ದೆ. ಪಕ್ಕದಲ್ಲಿ ತುಂಬಿದ ಕೊಡ. ಅಂಗಳಕ್ಕೆ ನೀರು ಚಿಮುಕಿಸಲು ಇಟ್ಟುಕೊಂಡಿದ್ದಾಳೆ ಎಂದುಕೊಂಡೆ. ಒಳಗೆ ಹೋಗಲು ಕಾಲೆತ್ತಿದರೆ ಜಾಗ ಬಿಡಲಿಲ್ಲ.

"ಮಾವ ಹೆಂಗದಾನ?" ಎಂದಳು.

ಯುಗಾದಿ ಹತ್ತಿರ ಬಂದಿತ್ತಲ್ಲ, ಇನ್ನು ಅವನನ್ನು ನಿಧಾನವಾಗಿ ಗುಣಪಡಿಸಬಹುದು ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ. ಸ್ವಲ್ಪ ಆರಾಮ ಐತಿ, ಗಂಜಿ ಪೂರ್ತಿ ಕುಡಿದ, ರಾತ್ರಿಯೆಲ್ಲ ನನ್ನ ಕೈ ಬಿಡಲಿಲ್ಲ ಎಂದು ಹೇಳಿದೆ.

"ಏನರ ಅಂದನೇನು?"

ಚಿತ್ರದ ಮಾತು ಇನ್ನೂ ನಾಲಿಗೆಯ ಮೇಲೇ ಇತ್ತು. "ನೀ ಬಂದಿ, ನನಗಷ್ಟ ಸಾಕು ಅಂದ," ಎಂದೆ. ಹೇಳಿ ಕಣ್ಣೊರೆಸಿಕೊಂಡೆ. ಅಷ್ಟು ಚೆನ್ನಾಗಿತ್ತು ಆ ದೃಶ್ಯ.

"ಬಾಯಿಗೆ ನೀರು ಬಿಟ್ರೇನು?"

"ನಾನ ಕುಡಿಸಿದೆ, ಲೋಟದಾಗ."

ಸುಂಕಮ್ಮ ಎದ್ದು ಕೊಡ ಎತ್ತಿಕೊಂಡಳು. "ತಲಿ ಬಗ್ಸ್ರಿ," ಎಂದಳು.

ಯಾಕೆ ಎಂದು ಕೇಳುವುದರೊಳಗೆ ನೀರು ನೆತ್ತಿಯ ಮೇಲಿತ್ತು.

"ನಿನ್ನಿ ಮಧ್ಯಾಹ್ನ ಹೋದ," ಎಂದಳು. "ಮಣ್ಣು ಮಾಡಿ ಬಂದೀನಿ."

ಆಮೇಲೆ ಅವಳು ಜಗಲಿಯ ಮೇಲೆ ಕೂತು ಒಂದೊಂದಾಗಿ ಹೇಳಿದಳು, ನಾನು ಅಂಗಳದಲ್ಲಿ ನೀರು ತೊಟ್ಟಿಕ್ಕುತ್ತ ನಿಂತು ಕೇಳಿದೆ. ನಾನು ಹೊರಟ ಸ್ವಲ್ಪ ಹೊತ್ತಿಗೇ ಮಾವನ ನೆರೆಯವನು ಗಾದೆಪ್ಪ ಬಂದನಂತೆ. ಅವನು ಬಂದ ಬಸ್ಸೂ ನಾನು ಹೋದ ಬಸ್ಸೂ ದಾರಿಯಲ್ಲಿ ಎದುರುಬದುರಾಗಿರಬೇಕು. ಮಾವನಿಗೆ ನಾಲ್ಕು ದಿನದಿಂದ ಜ್ವರ ಏರಿ ಎದೆ ಹಿಡಿದಿದೆ, ಪಕ್ಕೀರನ್ನ ಕರೀರಿ ಎನ್ನುತ್ತಿದ್ದಾನೆ ಎಂದನಂತೆ. ಅವರು ಈಗಷ್ಟೇ ಅಲ್ಲಿಗೇ ಹೋದರಲ್ಲ ಎಂದು ಇವಳು ಗಾದೆಪ್ಪನ ಜೊತೆಗೆ ಹೊರಟಳು. ಮಾಗಳದಲ್ಲಿ ನಾನಿರಲಿಲ್ಲ. ಕಾಯಿಲೆ ಮಾತ್ರ ಇತ್ತು.

ಇವಳು ಮಾವನ ತಲೆದೆಸೆಯಲ್ಲಿ ಕೂತು, ನಾ ಕಳಿಸಿದ ರೊಟ್ಟಿ ಹಿಡಿಸ್ತಾ ಮಾವ, ಕಷಾಯ ಕುಡಿತಿದ್ದೇನು, ತಿಂಗಳಾ ಬರೋರು ಇವತ್ಯಾಕ ಬಂದಿಲ್ಲ ಎಂದು ಕೇಳಿದಳಂತೆ. ಮಾವ ಇವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

"ಏನಂದ ಗೊತ್ತೈತೇನು?" ಎಂದಳು ಸುಂಕಮ್ಮ. "ಹಿಡಿಸ್ತವ್ವ, ಕಷಾಯ ಚಲೋ ಇತ್ತು, ಹುಡುಗ ತಪ್ಪದ ಬರ್ತಾನ, ನನ್ನ ಕೈ ಹಿಡಕೊಂಡು ಕುಂದ್ರತಾನ, ಈಗಷ್ಟ ಹೊಳಿ ಕಡೆ ಹೋದ ಅಂದ. ನೀವಿಬ್ರೂ ಮೊದಲ ಮಾತಾಡಿಕೊಂಡಿದ್ರೇನು?"

ಅವನ ಹೆಸರಿನಲ್ಲಿ ನಾನು ಕಟ್ಟಿದ ಕಾಯಿಲೆಯ ಸುಳ್ಳು ಅವನಿಗೆ ಗೊತ್ತೇ ಇರಲಿಲ್ಲ. ಅಲ್ಲೇ, ಆ ಉಸಿರಿನಲ್ಲೇ ತಿಳಿದುಕೊಂಡು ನನಗಾಗಿ ಅದನ್ನು ಹೊತ್ತುಕೊಂಡ. ನಾಲ್ಕು ಮಾತಿಗಿಂತ ಹೆಚ್ಚು ಆಡದವನು ನನಗಾಗಿ ಅಷ್ಟು ಮಾತಾಡಿದ.

ಇವಳು ನಂಬಿದಳಂತೆ. ಹೊಳೆ ಕಡೆಗೆ ಹುಡುಕಲು ಜನರನ್ನೂ ಕಳಿಸಿದಳಂತೆ. ಮಾವನ ಬಾಯಿಗೆ ನೀರು ಬಿಟ್ಟದ್ದು ಇವಳೇ. ಮಣ್ಣಿಗೆ ಹೊತ್ತು ಮುಳುಗುವವರೆಗೆ ಕಾದರು. ಮಾವನ ಮಾತು ಉಳಿಸಲೆಂದು ಅಲ್ಲಿಯತನಕ ಬಾಯಿ ಬಿಡದ ಗಾದೆಪ್ಪ ಮಣ್ಣಾದ ಮೇಲೆ ತಡೆಯಲಾರದೆ ಹೇಳಿದನಂತೆ, ಹೋದ ಯುಗಾದಿಯಿಂದ ಪಕ್ಕೀರ ಈ ಊರಿಗೆ ಕಾಲಿಟ್ಟಿಲ್ಲ, ತಿಂಗಳಿಗೊಮ್ಮೆ ಹಡಗಲಿ ಟೆಂಟಿನಲ್ಲಿ ಇರುತ್ತಾನೆ ಎಂದು. ಮಲ್ಲಿಗೆ ಮಾರಲು ಹೋಗುವ ಮಾಗಳದ ಹೆಂಗಸರೆಲ್ಲ ನನ್ನನ್ನು ನೋಡಿದ್ದರು. ಮಾವನಿಗೂ ಹೇಳಿದ್ದರು. ಅಂದಿನಿಂದ ಅವನು ಭಾನುವಾರ ಬಂದರೆ ರುಮಾಲು ಒಗೆದು ಸುತ್ತಿಕೊಂಡು ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದನಂತೆ. ಹಡಗಲಿಗೆ ಬಂದವ ಇಲ್ಲಿಗೂ ಬಂದಾನು ಎಂದು.

ಸುಂಕಮ್ಮ ಕಡೇ ಬಸ್ಸಿಗೆ ಊರಿಗೆ ಹೊರಟಾಗ ಬಸ್ಸು ಟೆಂಟಿನ ಪಕ್ಕದಲ್ಲೇ ಹಾದುಬಂತಂತೆ. ಒಳಗೆ ಜನ ಅಳುವುದು ಕೇಳಿಸಿತು ಎಂದಳು. ಅದರಲ್ಲಿ ನನ್ನದೂ ಇತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಎದುರಾಡಿ ಹಗುರಾಗುತ್ತಿದ್ದೆ. ಕಚೇರಿಯಲ್ಲಿ ಏಕಾಂತಪ್ಪನವರು ನನ್ನ ವ್ರತ ಮುಗಿಯಿತೆಂದು ಎಲ್ಲರಿಗೂ ಚಹಾ ಹೇಳಿದರು. ಕಡೇ ಚಿತ್ರದ ಕಥೆ ಹೇಳೋ ಎಂದರು. ಮಗ ಕುದುರೆ ಏರುವವರೆಗೆ ಹೇಳಿದೆ, ಮುಂದೆ ಬರಲಿಲ್ಲ. ಆಮ್ಯಾಲೇನಾತು, ಮಗ ಬಂದನೋ ಇಲ್ಲೋ ಎಂದು ಜವಾನ ಕೇಳಿದ. ಇಲ್ಲ ಎಂದೆ. ಹಂಗಾದ್ರ ಅದು ಖರೇ ಕ್ಲಾಸಿಕ್ ಎಂದರು ಏಕಾಂತಪ್ಪನವರು.

ಯುಗಾದಿಯಾದ ವಾರಕ್ಕೆ ಅತ್ತೆಯ ವರ್ಷದ ಪೂಜೆ ಮುಗಿಯಿತು. ಸುಂಕಮ್ಮ ರೇಡಿಯೋದ ಸೀರೆ ಬಿಚ್ಚಿ, ಒಗೆದು, ಮಡಚಿ ಪೆಟ್ಟಿಗೆಯಲ್ಲಿಟ್ಟಳು. ರೇಡಿಯೋ ಬರಿಮೈಯಲ್ಲಿ ಗೂಡಿನಲ್ಲಿ ಕೂತಿತ್ತು. ನಾನು ಹತ್ತಿರ ಹೋಗಿ ಕಿವಿ ತಿರುವಲು ಕೈ ಚಾಚಿದೆ. ಆಗ ಅವಳು ಒಳಗಿನಿಂದ ಮಾವನ ರುಮಾಲು ತಂದಳು. ಒಗೆದದ್ದು, ಅಂಚು ಸವೆದದ್ದು. ನನ್ನ ಎರಡೂ ಕೈಗೆ ಅದನ್ನು ಕೊಟ್ಟಳು.

"ಈ ವರ್ಷದ್ದು ನೀವ ಸುತ್ರಿ," ಎಂದಳು.

ರುಮಾಲು ಬಹಳ ಉದ್ದವಿತ್ತು. ಸುತ್ತುತ್ತ ಕೂತೆ.