ಲೆಕ್ಕ ಯಾಕೋ ತಂದಿಲ್ಲ?

ಸ್ಕೂಲಿನಲ್ಲಿ ಕಾಯ್ದೆ ಮಾಡುವುದು ಸುಲಭ. ಅದನ್ನು ಮುರಿಯಲು ಮಾರನೇ ಬೆಳಿಗ್ಗೆ ಎಲ್ಲಿಂದಲೋ ಒಬ್ಬರು ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಮೇಷ್ಟ್ರಾಗಿದ್ದಷ್ಟು ಕಾಲವೂ ನನಗೆ ಇದು ತಪ್ಪಲಿಲ್ಲ.

ಕುರಿ ನೆಕ್ಕಿದ ಲೆಕ್ಕ

ಚಳ್ಳಕೆರೆಯಲ್ಲಿ ನನ್ನ ಮೊದಲ ನೌಕರಿ. ಆಗಿನ್ನೂ ಮಹಾರಾಜರ ಕಾಲ, ಹಳ್ಳಿ ಮಕ್ಕಳ ಕೈಗೆ ಕಾಗದ ಸಿಗುತ್ತಿರಲಿಲ್ಲ. ಮನೆಯಲ್ಲಿ ಹಲಗೆಯ ಮೇಲೆ ಲೆಕ್ಕ ಬರೆದು, ಹಾಜರಿ ಕೂಗುವ ಮೊದಲೇ ನನಗೆ ತೋರಿಸಬೇಕು, ಇಲ್ಲದಿದ್ದರೆ ಬಾಗಿಲ ಹತ್ತಿರ ನಿಲ್ಲಬೇಕು ಎಂದು ಕಾಯ್ದೆ ಮಾಡಿದ್ದೆ. ಕುರಿ ಸಾಕುವವರ ಮನೆಯ ಹುಡುಗನೊಬ್ಬ ಖಾಲಿ ಹಲಗೆ ಹಿಡಿದು ಬಂದ.

"ಲೆಕ್ಕ ಎಲ್ಲೋ?"

"ಬರ್ದಿದ್ದೆ ಮೇಷ್ಟ್ರೇ, ಕುರಿ ನೆಕ್ಬಿಡ್ತು."

ನಿಲ್ಲಿಸಿದೆ. ಮಾರನೇ ದಿನ ಅವನ ಅಜ್ಜಿ ಕುರಿಗೆ ಹಗ್ಗ ಕಟ್ಟಿಕೊಂಡು ಸೀದಾ ಕ್ಲಾಸಿನೊಳಕ್ಕೆ ಬಂದಳು. "ನನ್ ಮೊಮ್ಮಗ ಸುಳ್ಳು ಹೇಳಾನಲ್ಲ. ಕುರೀನ ಕರ್ಕಂಡ್ ಬಂದೀನಿ, ನೀವೇ ನೋಡ್ರಿ" ಎಂದು ಅವನ ಅಂದಿನ ಹಲಗೆಯನ್ನು ಕುರಿಯ ಮೂತಿಗೆ ಹಿಡಿದಳು. ಕುರಿ ಮೂಸಿ, ಮುಖ ತಿರುಗಿಸಿತು. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅದು ಮುಂದಿನ ಸಾಲಿಗೆ ಹೋಗಿ, ಜಾಣ ಹುಡುಗನೊಬ್ಬನ ಹಲಗೆಯನ್ನು ಒಂದಂಕಿಯೂ ಉಳಿಯದಂತೆ ನೆಕ್ಕಿತು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ನೋಡಿದ್ರಾ? ಸರಿಯಾಗಿ ಬರ್ದಿದ್ರೆ ಮಾತ್ರ ನೆಕ್ಕತೈತೆ!"

ಅಂದಿನಿಂದ ಹುಡುಗರು ತಮ್ಮ ಲೆಕ್ಕ ಸರಿಯೋ ತಪ್ಪೋ ಎಂದು ನನ್ನನ್ನು ಕೇಳುವುದನ್ನೇ ಬಿಟ್ಟರು. ಕುರಿ ಯಾವಾಗ ಬರುತ್ತೆ ಅಂತ ಕೇಳುತ್ತಿದ್ದರು.

ಯಾವ ಕಲ್?

ಅದೇ ಊರಿನ ಪೇಟೆಯಲ್ಲಿ ಬಳೆ ಅಂಗಡಿಯ ಸಾಹೇಬರಿದ್ದರು. ಮನೆಮಾತು ಉರ್ದು. ಅವರ ಮಗ, ಲೆಕ್ಕ ಎಲ್ಲಿ ಎಂದರೆ "ಕಲ್ ತರ್ತೀನಿ ಮೇಷ್ಟ್ರೇ" ಎನ್ನುವನು. ಮಾರನೇ ದಿನ ಕೇಳಿದರೆ "ಕಲ್ ತೋರಿಸಿದ್ನಲ್ಲ" ಎನ್ನುವನು. ತಲೆಕೆಟ್ಟು ಸಂಜೆ ಅಂಗಡಿಗೇ ಹೋದೆ. ಸಾಹೇಬರು ಒಬ್ಬ ಹೆಣ್ಣುಮಗಳಿಗೆ ಬಳೆ ತೊಡಿಸುತ್ತಿದ್ದರು.

"ಸಾಹೇಬರೇ, ಈ ಕಲ್ ಅಂದರೆ ನಿನ್ನೆಯೋ ನಾಳೆಯೋ?"

"ಎರಡೂ, ಮೇಷ್ಟ್ರೇ. ನಮ್ಮ ಮಾತಿನಾಗೆ ನಿನ್ನೇನೂ ಕಲ್, ನಾಳೇನೂ ಕಲ್."

"ಹಾಗಾದರೆ ನಿಮ್ಮ ಹುಡುಗ ಹೇಳೋದು ಯಾವ ಕಲ್?"

"ನೀವು ಫಿಕರ್ ಮಾಡಬ್ಯಾಡ್ರಿ. ಕೂರಿಸ್ಕೊಂಡು ವಿಚಾರಿಸ್ತೀನಿ."

"ಯಾವಾಗ?"

"ಕಲ್!"

ನಂದು ಏನಾತು?

ಆಮೇಲೆ ಮೊಳಕಾಲ್ಮೂರಿಗೆ ವರ್ಗವಾಯಿತು. ಅಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯ ಹುಡುಗನೊಬ್ಬನಿದ್ದ. ಮನೆಯಿಂದ ಬರೆದು ತಂದದ್ದು ಮುತ್ತು ಪೋಣಿಸಿದ ಹಾಗಿರುತ್ತಿತ್ತು, ನನ್ನೆದುರು ಬರೆದದ್ದು ಕೋಳಿ ಕೆದರಿದ ಹಾಗೆ. ಅಪ್ಪನಿಗೆ ಹೇಳಿ ಕಳಿಸಿದೆ. ಆತ ಬಂದು ತಲೆ ಕೆರೆದುಕೊಳ್ಳುತ್ತ ನಿಂತ.

"ತಪ್ಪಾತು ಮೇಷ್ಟ್ರೇ. ಬರೆಯಾನು ನಾನೇ."

"ಅವನ ಪಾಠ ನೀವ್ಯಾಕ್ರೀ ಬರೀತೀರಿ?"

"ನಾನು ಸಣ್ಣವನಿದ್ದಾಗಲೇ ಮಗ್ಗಕ್ಕೆ ಕೂರಿಸಿಬಿಟ್ರು. ಇವನು ಹಲಗೆ ತಂದಾಗ ಆಸೆ ಆತು. ಮೊದಮೊದಲು ಅವನೇ ಹೇಳಿಕೊಡ್ತಿದ್ದ. ಈಗ ಅವನಿಗಿಂತ ನನಗೇ ಚೆಂದ ಬರ್ತೈತೆ."

ನೀವೂ ಬರೆಯಿರಿ, ಆದರೆ ಎರಡು ಹಲಗೆ ಇಟ್ಟುಕೊಳ್ಳಿ, ಎರಡನ್ನೂ ಕಳಿಸಿ, ತಿದ್ದಿಕೊಡುತ್ತೇನೆ ಎಂದೆ. ಪರೀಕ್ಷೆಯ ದಿನ ಹುಡುಗರಿಗೆ ಹೇಳಿ ಬರೆಸಿದ ಪಾಠವನ್ನೇ ಸಂಜೆ ಅಪ್ಪನಿಗೂ ಹೇಳಿ ಬರೆಸಿದೆ. ವಾರದ ಮೇಲೆ ಆತ ಬಂದ. ಹೇಳಲು ನನಗೇ ಸಂಕಟ.

"ಏನು ಮಾಡೋದು, ಹುಡುಗ ಫೇಲಾಗಿದಾನೆ. ಬೇಸರ ಮಾಡ್ಕೋಬೇಡಿ, ಇನ್ನೊಂದು ಸಲ ಪರೀಕ್ಷೆಗೆ ಕೂರಿಸ್ತೀನಿ."

"ಅದು ಗೊತ್ತಿದ್ದದ್ದೇ ಬಿಡ್ರಿ," ಎಂದು ಆತ ಹತ್ತಿರ ಬಂದು ಪಿಸುಗುಟ್ಟಿದ. "ನಂದು ಏನಾತು?"

ಎರಡೆರಡ್ಲೆ ಎಷ್ಟು?

ಮೊಳಕಾಲ್ಮೂರು ಆಂಧ್ರದ ಅಂಚು. ಅರ್ಧ ಮಕ್ಕಳ ಮನೆಮಾತು ತೆಲುಗು. ಪಾಠ ಕನ್ನಡದಲ್ಲಿ ಕಲಿತರೂ ಹೆದರಿಕೆಯಾದರೆ ಬಾಯಿಗೆ ತೆಲುಗೇ ಬರುತ್ತಿತ್ತು. ತೆಲುಗಿನಲ್ಲಿ ನಾಲ್ಕಕ್ಕೆ ನಾಲುಗು ಅನ್ನುತ್ತಾರೆ.

ಮೈಸೂರು ಕಡೆಯ ಇನ್‌ಸ್ಪೆಕ್ಟರೊಬ್ಬರು ಪರೀಕ್ಷೆಗೆ ಬಂದರು. ಜರಿ ಪೇಟ, ದೊಡ್ಡ ಮೀಸೆ, ಕಿವಿ ಸ್ವಲ್ಪ ಮಂದ. ಅವರು ಕೆಟ್ಟದಾಗಿ ಬರೆದು ಹೋದರೆ ನನ್ನನ್ನು ಯಾವ ಕೊಂಪೆಗೆ ಎತ್ತಿಹಾಕುವರೋ ಎಂದು ನನಗೆ ಬೆಳಿಗ್ಗೆಯಿಂದ ಹೆದರಿಕೆ. ಮುಂದಿನ ಸಾಲಿನ ಪುಟ್ಟ ಹುಡುಗನನ್ನು ಎಬ್ಬಿಸಿದರು.

"ಎರಡೆರಡ್ಲೆ ಎಷ್ಟಪ್ಪ?"

"ನಾಲುಗು."

"ಏನು, ನಾಲಿಗೆಯಾ?"

ಹಿಂದಿನ ವಾರವಷ್ಟೇ ಡಾಕ್ಟರು ಬಂದು ಮಕ್ಕಳ ನಾಲಿಗೆ ನೋಡಿ ಹೋಗಿದ್ದರು. ಇವರೂ ಅದನ್ನೇ ಕೇಳುತ್ತಿದ್ದಾರೆಂದು ಹುಡುಗ ಉದ್ದಕ್ಕೆ ನಾಲಿಗೆ ಚಾಚಿದ. ಅವನನ್ನು ನೋಡಿ ಇಡೀ ಸಾಲು ಚಾಚಿತು.

"ಏನ್ರೀ ಮೇಷ್ಟ್ರೇ, ಇದೇನಾ ನೀವು ಕಲಿಸಿರೋದು? ಎಲ್ಲರೂ ಫೇಲು!"

ಕೈಮುಗಿದು ತೆಲುಗಿನ ವಿಷಯ ತಿಳಿಸಿದೆ. ಅವರ ಸಿಟ್ಟು ಕೊಂಚ ಇಳಿಯಿತು. "ಸರಿ, ಊಟ ಆದಮೇಲೆ ಇನ್ನೊಂದು ಸಲ ಕೇಳ್ತೀನಿ" ಎಂದರು.

ಅವರು ಊಟ ಮುಗಿಸುವವರೆಗೆ ನಾನು ಆ ಹುಡುಗನ ಮುಂದೆ ಕೂತು, "ನಾಲ್ಕು ಅನ್ನಬೇಕು. ಏನೇ ಆದರೂ ನಾಲಿಗೆ ಹೊರಗೆ ಬರಕೂಡದು" ಎಂದು ಬಡಕೊಂಡೆ.

ಇನ್‌ಸ್ಪೆಕ್ಟರು ಬಂದು ಕೂತರು. "ಎರಡೆರಡ್ಲೆ ಎಷ್ಟು?"

ಹುಡುಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಒಂದು ಕೈಯನ್ನು ಬಾಯಿಯ ಮೇಲೇ ಬಿಟ್ಟು, ಇನ್ನೊಂದನ್ನು ಎತ್ತಿ ನಾಲ್ಕು ಬೆರಳು ತೋರಿಸಿದ.

"ಭೇಷ್! ಪಾಸು!" ಇನ್‌ಸ್ಪೆಕ್ಟರು ನಕ್ಕರು. "ಆದರೆ ಬಾಯಿ ಯಾಕೋ ಬಿಡಲ್ಲ?"

ಹುಡುಗ ಬೆರಳ ಸಂದಿಯಿಂದಲೇ ಹೇಳಿದ, "ಮೇಷ್ಟ್ರು ಬ್ಯಾಡ ಅಂದವ್ರೆ."

ಇನ್‌ಸ್ಪೆಕ್ಟರು ಗಕ್ಕನೆ ನನ್ನ ಕಡೆ ತಿರುಗಿದರು. "ಇಷ್ಟು ಹೊತ್ತು ಇದನ್ನಾ ಹೇಳಿಕೊಟ್ಟಿದ್ದು? ನೀವಾದರೂ ಬಾಯಿ ಬಿಟ್ಟು ಹೇಳ್ರೀ ನೋಡೋಣ. ಎರಡೆರಡ್ಲೆ ಎಷ್ಟು?"

ಗಾಬರಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಹೇಳಿದೆ:

"ನಾಲುಗು, ಸ್ವಾಮಿ!"